‘ದಾಳಿಂಬೆ ಹುಳಾ ಸಾಕಿ, ಚಿಟ್ಟಿ ಆದಮ್ಯಾಲೆ ಬಿಡ್ತೀರೇನ್ರಿ?’

ಕುಷ್ಟಗಿ ಕಡೆ ಯಾವ ತೋಟಕ್ಕೆ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವ ದನಿಯಲ್ಲಿ ಅರ್ಧ ತಮಾಷೆ, ಅರ್ಧ ಸಿಟ್ಟು. ಸಿಟ್ಟು ಬರುವುದು ಸಹಜವೇ. ದುಂಡಾಣು ಅಂಗಮಾರಿ ಎಂಬ ದಾಳಿಂಬೆ ರೋಗ ಬಂದು ಗಿಡಗಳನ್ನೇ ಕಿತ್ತು ಹಾಕಿದ ರೈತರಿರುವ ಸೀಮೆ ಇದು. ಇಲ್ಲಿ ಭಗವಾ ತಳಿಯ ದಾಳಿಂಬೆ ಕಾಯಿಗೆ ತೂತು ಕೊರೆಯುವ ಹುಳವನ್ನು, ಅದು ಚಿಟ್ಟೆಯಾಗುವುದನ್ನು ನೋಡಲೆಂದು, ಮನೆಯಲ್ಲಿ ಡಬ್ಬಿಗೆ ಹಾಕಿ ಸಾಕುತ್ತೇನೆ ಅಂದರೆ ಯಾರಿಗಾದರೂ ಉರಿಯುತ್ತದೆ.

ಬಿಡುತ್ತೇನೆ, ಆದರೆ ಎಲ್ಲವನ್ನೂ ಅಲ್ಲ. ಯಾವುದನ್ನು, ಯಾಕೆ ಅಂತ ಹೇಳಬೇಕಾದರೆ ಮೊಟ್ಟೆಯಿಂದಲೇ ಶುರು ಮಾಡಬೇಕು.

ಮೃಗ ಬಹಾರಿಗೆ, ಅಂದರೆ ಮಳೆಗಾಲದ ಹೂವಿಗೆ ಬಿಟ್ಟ ತೋಟದಲ್ಲಿ, ಹೂವು ಮತ್ತು ಎಳೆಗಾಯಿಗಳ ಮೂತಿಯ ಕಿರೀಟವನ್ನು ಭೂತಗನ್ನಡಿ ಹಿಡಿದು ನೋಡಿ. ಬಿಳಿ ಚುಕ್ಕೆಯಂಥ ಮೊಟ್ಟೆ, ಒಂದು ಕಡೆ ಒಂದೇ. 7ರಿಂದ 10 ದಿನಕ್ಕೆ ಅದು ಒಡೆದು ಮರಿ ಹೊರಬಂದು ಕಾಯಿಯೊಳಗೆ ನುಗ್ಗುತ್ತದೆ. ಅಲ್ಲಿಗೆ ನಮ್ಮ ಆಟ ಮುಗಿಯಿತು. ಒಳಗೆ ಸೇರಿದ ಹುಳಕ್ಕೆ ಮೇಲಿನಿಂದ ಎಷ್ಟು ಎಣ್ಣೆ ಹೊಡೆದರೂ ದುಡ್ಡು ದಂಡ. ಹೊಡೆಯುವುದಿದ್ದರೆ ಹೂವಿನ ಹೊತ್ತಿಗೇ ಬೇವಿನೆಣ್ಣೆ ಹೊಡೆಯಬೇಕು, ಇಲ್ಲವೇ ಎಳೆಗಾಯಿಗೇ ಚೀಲ ಕಟ್ಟಬೇಕು.

ನಾನು ತರುವುದು ತೂತು ಬಿದ್ದು, ಹಿಕ್ಕೆ ಒಸರುತ್ತಿರುವ ಕಾಯಿಗಳನ್ನು. ನಾತ ಬರುತ್ತದೆ, ಮನೆಯವರು ಡಬ್ಬಿಯನ್ನು ಹಿತ್ತಲಿಗೆ ಹಾಕಿಸಿದ್ದಾರೆ. ಒಂದನ್ನು ಸೀಳಿದರೆ ಕಾಳುಗಳ ನಡುವೆ ಗಿಡ್ಡನೆಯ ಕಂದು ಹುಳ, ಮೈಮೇಲೆ ಬಿಳಿ ಪಟ್ಟೆ, ಮೋಟು ಕೂದಲು. ಬಾಲದ ತುದಿ ಚಪ್ಪಟೆ, ಗಟ್ಟಿ. ತೂತಿಗೆ ಅದನ್ನೇ ಅಡ್ಡ ಕೊಟ್ಟು ಕೂತಿತೆಂದರೆ ಒಳಗಿನಿಂದ ಚಿಲಕ ಹಾಕಿದಂತೆ. 18ರಿಂದ 47 ದಿನ ತಿನ್ನುವುದೊಂದೇ ಕೆಲಸ. ಇರುವ ಕಾಯಿ ಕೊಳೆತರೆ ಇನ್ನೊಂದಕ್ಕೆ ಹೋಗುತ್ತದೆ.

ನನಗೆ ಅತಿ ಬೆರಗು ಹುಟ್ಟಿಸುವುದು ಮುಂದಿನ ಹಂತ. ಪೂರ್ತಿ ಬೆಳೆದ ಹುಳ ಹೊರಗೆ ಬಂದು ಕಾಯಿಯ ತೊಟ್ಟನ್ನು ಟೊಂಗೆಗೆ ರೇಷ್ಮೆ ಎಳೆಯಿಂದ ಬಿಗಿಯುತ್ತದೆ. ಕೊರೆದ ಕಾಯಿ ಉದುರಿಬಿಟ್ಟರೆ ಕೋಶವೂ ನೆಲಕ್ಕೆ ಬಿತ್ತಲ್ಲ! ಕಟ್ಟಿಯಾದ ಮೇಲೆ ಮರಳಿ ಒಳಗೆ ಹೋಗಿ ಕೋಶವಾಗುತ್ತದೆ. ಚಿಟ್ಟೆಗೆ ಇರುವುದು ಹೀರುವ ಕೊಳವೆ ಮಾತ್ರ, ಸಿಪ್ಪೆ ಕಡಿಯಲಾರದು. ಹಾಗಾಗಿ ಹುಳ ಕೊರೆದ ತೂತೇ ಚಿಟ್ಟೆಯ ಬಾಗಿಲು. ಕೋಶದಲ್ಲಿ 7ರಿಂದ 34 ದಿನ ಕಳೆದು, ಮುದುಡಿದ ಒದ್ದೆ ರೆಕ್ಕೆಗಳನ್ನು ಹೊತ್ತು ಅದೇ ತೂತಿನಿಂದ ತೆವಳಿ ಬಂದು, ಹೊರಗೆ ನಿಂತು ರೆಕ್ಕೆ ಬಿಡಿಸುತ್ತದೆ.

ಈ ಹೊತ್ತಿಗೆ ನೋಡಲು ಕರೆದರೆ ‘ಇದು ಅದೇ ಹುಳಾ ಏನ್ರಿ?’ ಅನ್ನದವರಿಲ್ಲ. ಗಂಡಿನ ಮೇಲ್ಮೈ ಹೊಳೆಯುವ ನೇರಳೆ ನೀಲಿ. ಹೆಣ್ಣು ಮಾಸಲು ಕಂದು ನೇರಳೆ, ಮುಂದಿನ ರೆಕ್ಕೆಯಲ್ಲಿ ಕಿತ್ತಳೆ ಮಚ್ಚೆ. ಹಿಂದಿನ ರೆಕ್ಕೆಗೆ ಎಳೆಯಂಥ ಬಾಲ, ಅದರ ಬುಡದಲ್ಲಿ ಕಣ್ಣಿನಂಥ ಚುಕ್ಕೆ. ತಂಪು ದೇಶಗಳ ಹುಲ್ಲುಗಾವಲಲ್ಲಿ ಜನ ಅಕ್ಕರೆಯಿಂದ ಸಾಕಿ ನೋಡುವ ಪುಟ್ಟ ತಾಮ್ರದ ಬಣ್ಣದ ಚಿಟ್ಟೆ, ಸ್ಮಾಲ್ ಕಾಪರ್, ಇದರದೇ ಲೈಕೀನಿಡೆ ಕುಟುಂಬದ್ದು. ಅದಕ್ಕೆ ಹುಳಿಸೊಪ್ಪು, ಇದಕ್ಕೆ ನಮ್ಮ ದಾಳಿಂಬೆ. ಹೊಟ್ಟೆಪಾಡು ಬೇರೆ, ಅಷ್ಟೇ.

ಇನ್ನು ಬಿಡುವ ಮಾತು. ದಾಳಿಂಬೆ ಒಂದನ್ನೇ ನಂಬಿ ಈ ಹುಳ ಬದುಕಿಲ್ಲ. ಪೇರಲಕ್ಕೂ ಬೀಳುತ್ತದೆ, ಹುಣಸೆಕಾಯಿಗೂ ಬೀಳುತ್ತದೆ, ಮತ್ತು ಹುಣಸೆ ಮರ ಇಲ್ಲದ ಊರು ನಮ್ಮಲ್ಲಿ ಎಲ್ಲಿದೆ? ನನ್ನ ಡಬ್ಬಿಯಿಂದ ಒಂದು ಹಾರಿದರೆ ತೋಟ ಮುಳುಗುವುದಿಲ್ಲ. ಆದರೂ ಪಕ್ಕದ ಹೊಲದವರ ಎದುರು ಮುಖ ಎತ್ತಿ ನಡೆಯಬೇಕಲ್ಲ. ಅದಕ್ಕೆ ಗಂಡನ್ನು ಬಿಡುತ್ತೇನೆ, ಅದು ಮೊಟ್ಟೆ ಇಡುವುದಿಲ್ಲ. ಕಿತ್ತಳೆ ಮಚ್ಚೆ ಕಂಡರೆ ಅದು ಸೊಳ್ಳೆಪರದೆಯೊಳಗೇ, ಸಕ್ಕರೆ ನೀರು ಕುಡಿದುಕೊಂಡು ಇದ್ದಷ್ಟು ದಿನ ಇರುತ್ತದೆ. ತೋಟದಿಂದ ತಂದ ಮಿಕ್ಕ ಕಾಯಿಗಳನ್ನು ಹುಳದ ಸಮೇತ ನೀರಿನ ಡ್ರಮ್ಮಿಗೆ ಹಾಕಿ, ಆಮೇಲೆ ಆಳವಾಗಿ ಹೂಳುತ್ತೇನೆ.

ಇದನ್ನು ಕೇಳಿದ ಒಬ್ಬ ಅಜ್ಜಾರು, ‘ಹಂಗಾದ್ರ ನಮ್ಮ ತ್ವಾಟಕ್ಕೂ ಬರ್ರೀ, ನಾಕು ಬುಟ್ಟಿ ಒಯ್ಯಿರಿ’ ಅಂದರು. ಹೋಗಿದ್ದೆ. ಬುಟ್ಟಿ ತುಂಬಿಸಿಯೇ ಕಳಿಸಿದರು.