ವಾಹನ ಯಾರ್ಡಿನ ಗೇಟಿನಲ್ಲಿ ನಿಂತು ನೋಡಬೇಕಾದದ್ದು

ವಾಹನಗಳನ್ನು ಇರಿಸಿಕೊಳ್ಳುವ ಯಾರ್ಡಿಗೆ ಅನುಮತಿ ಕೋರಿ ಸಲ್ಲಿಸುವ ಸಂಚಾರ ಪರಿಣಾಮ ವರದಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ: ಇಲ್ಲಿ ವಾಹನಗಳು ಬಂದು ನಿಲ್ಲುತ್ತವೆಯೇ ಹೊರತು ದಿನವಿಡೀ ಓಡಾಡುವುದಿಲ್ಲ, ಆದ್ದರಿಂದ ರಸ್ತೆಯ ಮೇಲಿನ ಪರಿಣಾಮ ನಗಣ್ಯ. ಮಾರಾಟ ಮಳಿಗೆಗೋ ಶಾಲೆಗೋ ಹೋಲಿಸಿದರೆ ಈ ಮಾತು ಬಹುಮಟ್ಟಿಗೆ ನಿಜವೇ. ಆದರೆ ಇಂಥ ವರದಿಗಳನ್ನು ಪರಿಶೀಲಿಸುವ ಕೆಲಸದಲ್ಲಿರುವ ನನಗೆ, ಆ ಒಂದು ನಿಜವನ್ನು ಮುಂದಿಟ್ಟುಕೊಂಡು ಉಳಿದ ಪ್ರಶ್ನೆಗಳನ್ನೆಲ್ಲ ಬದಿಗೆ ಸರಿಸುವುದನ್ನು ಒಪ್ಪಲಾಗುವುದಿಲ್ಲ. ಕಾರುಗಳನ್ನು ಹೊತ್ತು ತರುವ ಲಾರಿ ಎಷ್ಟು ಉದ್ದವಿದೆ, ಯಾವ ಹೊತ್ತಿಗೆ ಬರುತ್ತದೆ, ಗೇಟು ಎಲ್ಲಿದೆ ಎಂಬುದರ ಮೇಲೆ ಯಾರ್ಡಿನ ತೊಂದರೆ ನಿಂತಿರುತ್ತದೆ.

ಯಾರ್ಡಿನಲ್ಲಿ ಎಷ್ಟು ಕಾರು ಹಿಡಿಯುತ್ತದೆ ಎಂಬ ಲೆಕ್ಕದಿಂದಲೇ ಹೆಚ್ಚಿನ ವರದಿಗಳು ಹೊರಡುತ್ತವೆ. ಅದಕ್ಕಿಂತ ಮುಖ್ಯವಾದದ್ದು ಒಂದು ಕಾರು ಅಲ್ಲಿ ಸರಾಸರಿ ಎಷ್ಟು ದಿನ ಇರುತ್ತದೆ ಎಂಬುದು. ಒಳಗಿರುವ ಸಂಖ್ಯೆಯೆಂದರೆ ದಿನಕ್ಕೆ ಬರುವ ಸಂಖ್ಯೆಯನ್ನು ತಂಗುವ ದಿನಗಳಿಂದ ಗುಣಿಸಿದಷ್ಟು ಎಂಬ, ಅಮೆರಿಕದ ವಿದ್ವಾಂಸ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಸಾವಿರ ಕಾರು ತುಂಬಿರುವ ಯಾರ್ಡಿನಲ್ಲಿ ಪ್ರತಿ ಕಾರು 50 ದಿನ ಇದ್ದರೆ ದಿನಕ್ಕೆ 20 ಕಾರು ಒಳಗೆ ಬಂದು 20 ಹೊರಗೆ ಹೋಗುತ್ತವೆ. 10 ದಿನ ಮಾತ್ರ ಇದ್ದರೆ ಅದೇ ಅಂಗಳದಲ್ಲಿ ನೂರು ಬಂದು ನೂರು ಹೋಗುತ್ತವೆ. ಒಂದು ಲಾರಿಗೆ ಎಂಟು ಕಾರು ಎಂದಿಟ್ಟುಕೊಂಡು, ತುಂಬಿ ಬಂದದ್ದು ಖಾಲಿ ಹೋಗುತ್ತದೆ, ಖಾಲಿ ಬಂದದ್ದು ತುಂಬಿ ಹೋಗುತ್ತದೆ ಎಂದು ಲೆಕ್ಕ ಹಾಕಿದರೆ, ಗೇಟಿನ ಮೂಲಕ ದಿನಕ್ಕೆ ಆಗುವ ಲಾರಿ ಓಡಾಟ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 50. ವಿಸ್ತೀರ್ಣ ಒಂದಿಷ್ಟೂ ಬದಲಾಗಿಲ್ಲ. ಆದ್ದರಿಂದ ತಂಗುವ ಅವಧಿಯನ್ನು ಹೇಳದ ವರದಿಯನ್ನು ನಾನು ಅಪೂರ್ಣವೆಂದೇ ಪರಿಗಣಿಸುತ್ತೇನೆ.

ಯಾರ್ಡು ಯಾವ ಬಗೆಯದು ಎಂಬುದೂ ಸ್ಪಷ್ಟವಾಗಿರಬೇಕು. ಹೊಸ ಕಾರುಗಳ ಯಾರ್ಡಿಗೆ ಕ್ಯಾರಿಯರ್ ಲಾರಿಗಳು ಬರುತ್ತವೆ. ಟೋಯಿಂಗ್ ಮಾಡಿ ತಂದ ವಾಹನಗಳ ಯಾರ್ಡಿಗೆ ರಾತ್ರಿಯಲ್ಲೂ ವಾಹನ ಬರುತ್ತದೆ, ಮಾಲೀಕರು ಬಿಡಿಸಿಕೊಳ್ಳಲು ಬರುತ್ತಾರೆ, ಹರಾಜಿನ ದಿನವಂತೂ ಪರಿಸ್ಥಿತಿಯೇ ಬೇರೆ. ದೋಣಿ ಮತ್ತು ಪ್ರವಾಸಿ ವ್ಯಾನುಗಳ ಯಾರ್ಡು ವಾರವಿಡೀ ನಿಶ್ಶಬ್ದವಾಗಿದ್ದು ರಜೆಯ ಹಿಂದುಮುಂದಿನ ದಿನಗಳಲ್ಲಿ ತುಂಬುತ್ತದೆ. ಇಷ್ಟೆಲ್ಲ ವ್ಯತ್ಯಾಸವಿದ್ದರೂ ಸಮೀಕ್ಷೆ ಮಾತ್ರ ಯಾವುದೋ ಸಾಮಾನ್ಯ ಕೆಲಸದ ದಿನದ ಬೆಳಿಗ್ಗೆ ಮತ್ತು ಸಂಜೆಯ ಪೀಕ್ ಅವರ್‌ನಲ್ಲೇ ನಡೆದಿರುತ್ತದೆ.

ಇನ್ನು ಗೇಟಿನ ವಿಷಯ. ನನ್ನ ಮಟ್ಟಿಗೆ ವರದಿಯ ಜೀವಾಳ ಇದೇ. ಇಪ್ಪತ್ತು ಮೀಟರಿಗೂ ಹೆಚ್ಚು ಉದ್ದದ ಕ್ಯಾರಿಯರ್ ಲಾರಿಯೊಂದು ರಸ್ತೆಯಿಂದ ತಿರುಗಿ, ರಸ್ತೆಯ ಅಂಚಿನಿಂದ ಆರೇ ಮೀಟರ್ ಒಳಗಿರುವ ಗೇಟಿನ ಮುಂದೆ ನಿಂತಿದೆ ಎಂದುಕೊಳ್ಳಿ. ಕಾವಲುಗಾರ ಕಾಗದ ಪತ್ರ ನೋಡಿ, ವಾಹನಗಳ ಸಂಖ್ಯೆಯನ್ನು ತಾಳೆ ಹಾಕಿ, ಕಂಬಿಯನ್ನು ಎತ್ತುವವರೆಗೆ ಲಾರಿಯ ಹಿಂಭಾಗ ರಸ್ತೆಗೆ ಅಡ್ಡಲಾಗಿರುತ್ತದೆ. ಹಿಂದಿನ ಬಸ್ಸು ನಿಲ್ಲುತ್ತದೆ, ಬೈಕ್ ಸವಾರರು ಎದುರು ಬದಿಗೆ ನುಗ್ಗುತ್ತಾರೆ, ನಡೆದು ಹೋಗುವವರು ರಸ್ತೆಗೆ ಇಳಿಯುತ್ತಾರೆ. ಮೂರು ನಿಮಿಷದ ಈ ಅಡಚಣೆ ಇಡೀ ಗಂಟೆಯ ಸರಾಸರಿ ವಿಳಂಬದಲ್ಲಿ ಕರಗಿಹೋಗುವುದರಿಂದ, ವರದಿಯ ಪಟ್ಟಿಯಲ್ಲಿ ಜಂಕ್ಷನ್ನಿನ ಸೇವಾ ಮಟ್ಟ, ಅಂದರೆ ಸಂಚಾರ ಎಷ್ಟು ಸರಾಗವಾಗಿದೆ ಎಂಬುದರ ಶ್ರೇಣಿ, ಯಾರ್ಡು ಬರುವ ಮುಂಚೆ ಎಷ್ಟಿತ್ತೋ ಅಷ್ಟೇ ಇರುತ್ತದೆ. ಗೇಟನ್ನು ಕನಿಷ್ಠ ಒಂದು ಲಾರಿಯ ಪೂರ್ಣ ಉದ್ದದಷ್ಟು, ಜೊತೆಜೊತೆಯಾಗಿ ಬರುವ ಸಾಧ್ಯತೆಯಿದ್ದರೆ ಎರಡು ಲಾರಿಗಳಷ್ಟು ಒಳಗೆ ಇಡುವುದು ಇದಕ್ಕೆ ನೇರ ಪರಿಹಾರ. ಒಳಗೆ ಲಾರಿ ತಿರುಗಲು ಜಾಗವಿದೆಯೇ ಎಂಬುದನ್ನೂ ನಕ್ಷೆಯ ಮೇಲೆ ಚಕ್ರಗಳ ಜಾಡು ಬಿಡಿಸಿ ತೋರಿಸಬೇಕು. ತಿರುವಿನಲ್ಲಿ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಒಳಬದಿಗೆ ಸರಿಯುವುದರಿಂದ ಮೂಲೆಯ ಕಾಲುದಾರಿಗೆ ಅಪಾಯವಿರುತ್ತದೆ. ತಿರುಗಲು ಜಾಗವಿಲ್ಲದಿದ್ದರೆ ಚಾಲಕ ರಸ್ತೆಯ ಬದಿಯಲ್ಲೇ ನಿಲ್ಲಿಸಿ ಕಾರುಗಳನ್ನು ಒಂದೊಂದಾಗಿ ಇಳಿಸುತ್ತಾನೆ, ಅವನಿಗೆ ಬೇರೆ ದಾರಿಯೂ ಇರುವುದಿಲ್ಲ.

ಹೊರಬರುವಾಗ ದೃಷ್ಟಿ ಎಷ್ಟು ದೂರ ಹರಿಯುತ್ತದೆ ಎಂಬುದು ಇಷ್ಟೇ ಗಂಭೀರ ವಿಷಯ. ಎದುರು ಪಥವನ್ನು ದಾಟಿ ದ್ವಿಪಥ ರಸ್ತೆಗೆ ಸೇರಲು ಕಾರಿಗೆ 7.5 ಸೆಕೆಂಡಿನ, ಟ್ರೇಲರ್ ಇರುವ ದೊಡ್ಡ ಲಾರಿಗೆ 11.5 ಸೆಕೆಂಡಿನ ತೆರಪು (ರಸ್ತೆಯಲ್ಲಿ ಬರುವ ವಾಹನಗಳ ನಡುವಿನ ಬಿಡುವು) ಬೇಕೆಂದು ಅಮೆರಿಕದ ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಒಕ್ಕೂಟವಾದ ಆಶ್ಟೊ ಸಂಸ್ಥೆಯ ವಿನ್ಯಾಸ ಮಾರ್ಗಸೂಚಿ ಹೇಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ರಸ್ತೆಯಲ್ಲಿ ಇದು ಕಾರಿಗೆ ಸುಮಾರು 125 ಮೀಟರ್, ಲಾರಿಗೆ 190 ಮೀಟರಿಗೂ ಮಿಕ್ಕಿದ ದೂರ. ಕಾರಿನ ಲೆಕ್ಕದಲ್ಲಿ ಪಾಸಾದ ಗೇಟು ಲಾರಿಯ ಲೆಕ್ಕದಲ್ಲಿ ಫೇಲಾಗಬಹುದು. ಯಾರ್ಡಿನ ಬೇಲಿ, ಫಲಕ ಮತ್ತು ಬೇಲಿಯ ಪಕ್ಕದಲ್ಲೇ ನಿಲ್ಲಿಸಿದ ವಾಹನಗಳೇ ನೋಟಕ್ಕೆ ಅಡ್ಡ ಬರುವುದೂ ಉಂಟು.

ರಸ್ತೆಯ ಸವೆತವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಚಕ್ರಗಳ ಅಚ್ಚಿನ (ಆಕ್ಸಲ್) ಮೇಲಿನ ಭಾರ ಇಮ್ಮಡಿಯಾದರೆ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ ಎಂಬ ಅಂದಾಜು 1958ರಿಂದ 1960ರವರೆಗೆ ಅಮೆರಿಕದಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಬಂದದ್ದು. ಹಗುರ ವಾಹನಗಳಿಗೆಂದು ಮಾಡಿದ ಒಳರಸ್ತೆಯನ್ನು ಲಾರಿಗಳ ದಾರಿಯಾಗಿ ತೋರಿಸುವ ಪ್ರಸ್ತಾವವನ್ನು ಈ ಕಾರಣಕ್ಕೇ ಪ್ರಶ್ನಿಸಬೇಕು.

ಹಾಗೆಂದು ನಾನು ಇಂಥ ಯಾರ್ಡುಗಳಿಗೆ ವಿರೋಧಿಯಲ್ಲ. ಅವು ಇಲ್ಲದಿದ್ದರೆ ಆ ವಾಹನಗಳೆಲ್ಲ ಬೀದಿಯಲ್ಲೇ ನಿಲ್ಲುತ್ತವೆ. ನಾನು ಕೇಳುವುದಿಷ್ಟೆ: ಲಾರಿಗಳು ಬರುವ ದಾರಿ ಮತ್ತು ವೇಳೆ, ಗೇಟಿನ ದೂರ, ದಿನದ ಗರಿಷ್ಠ ಓಡಾಟ, ಇವು ವರದಿಯ ಆಶ್ವಾಸನೆಗಳಾಗಿ ಉಳಿಯದೆ ಅನುಮತಿ ಪತ್ರದ ಷರತ್ತುಗಳಾಗಬೇಕು. ಯಾರ್ಡು ಪೂರ್ಣ ಪ್ರಮಾಣದಲ್ಲಿ ನಡೆಯತೊಡಗಿದ ಮೇಲೆ ಗೇಟಿನಲ್ಲಿ ಇನ್ನೊಮ್ಮೆ ಎಣಿಕೆ ಮಾಡಿಸಿ, ಅದರ ಖರ್ಚನ್ನು ಯಾರ್ಡಿನವರೇ ಭರಿಸುವಂತೆ ಮೊದಲೇ ಬರೆಸಿಕೊಳ್ಳಬೇಕು.