ಬಿಡುಗಡೆಯಾದವರ ವೋಟರ್ ಲಿಸ್ಟ್ ಕೆಲಸ: ಎಲ್ಲಿಗೆ ಬಂತು

ಸಜೆ ಮುಗಿಸಿ ಬಂದವರಿಗಾಗಿ ಮಾಡುತ್ತಿರುವ ಒಂದು ಹಾಳೆಯ ಕೈಪಿಡಿಯ ಎರಡನೇ ಕರಡು ಸಿದ್ಧವಾಗಿದೆ. ಈ ಸಲ ಮೊದಲ ಸಾಲನ್ನೇ ಬದಲಿಸಿದ್ದೇವೆ: "ಶಿಕ್ಷೆಯಾಗಿದೆ ಎಂಬ ಕಾರಣಕ್ಕೆ ನಿಮ್ಮ ವೋಟು ಹೋಗಿಲ್ಲ." ಜೈಲಿಗೆ ಹೋಗಿ ಬಂದವರಿಗೆ ವೋಟಿಲ್ಲ ಎಂದು ನಂಬಿದವರು ಅರ್ಜಿಯನ್ನೇ ಹಾಕುವುದಿಲ್ಲ. ಹಾಗಾಗಿ ಈ ಮಾತು ಎಲ್ಲಕ್ಕಿಂತ ಮೇಲೆ ಬರಬೇಕು.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಕಲಂ ತಡೆಯುವುದು ಜೈಲಿನೊಳಗೆ ಅಥವಾ ಪೊಲೀಸ್ ವಶದಲ್ಲಿ ಇರುವವರನ್ನು. ಶಿಕ್ಷೆಯಾಗಿದ್ದರೂ ಜಾಮೀನಿನ ಮೇಲೆ ಹೊರಗಿರುವವರು ವೋಟು ಹಾಕಬಹುದು. ಆರೋಪ ಸಾಬೀತಾಗದ, ಜಾಮೀನು ಸಿಗದ ವಿಚಾರಣಾಧೀನ ಕೈದಿ ಹಾಕುವಂತಿಲ್ಲ. ಇದು ಅನ್ಯಾಯ ಎಂದೇ ನಮ್ಮ ಅಭಿಪ್ರಾಯ. ಆದರೆ 1997ರಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಅನ್ನು ಎತ್ತಿಹಿಡಿದಿದೆ. ಒಳಗಿದ್ದಾಗ ವೋಟು ಹಾಕಲಾಗದಿದ್ದರೂ ಪಟ್ಟಿಯಲ್ಲಿರುವವರು ಮತದಾರರಾಗಿಯೇ ಉಳಿಯುತ್ತಾರೆ ಎಂದು 2013ರ ತಿದ್ದುಪಡಿ ಹೇಳುತ್ತದೆ. ಮತಕ್ಕೆ ಲಂಚ, ಬೇರೆಯವರ ಹೆಸರಲ್ಲಿ ವೋಟು ಇಂಥ ಚುನಾವಣಾ ಅಪರಾಧಗಳಲ್ಲಿ ಶಿಕ್ಷೆಯಾದವರಿಗೆ ಮಾತ್ರ 6 ವರ್ಷದ ನಿಷೇಧ ಬೇರೆಯೇ ಇದೆ.

ಹೆಚ್ಚು ತೊಡಕಿರುವುದು ಪಟ್ಟಿಯಲ್ಲಿ. ಕೈದಿ ಒಳಗಿದ್ದಾಗ ಅವರ ಮನೆಯವರು ಬಾಡಿಗೆ ಮನೆ ಬದಲಿಸಿರುತ್ತಾರೆ. ಪಟ್ಟಿ ಪರಿಶೀಲಿಸುವ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಬಂದಾಗ ಹಳೇ ಮನೆಗೆ ಬೀಗ, ಪಕ್ಕದ ಮನೆಯವರ ಉತ್ತರ "ಇಲ್ಲಿಲ್ಲ". ನೋಟಿಸು ಹಳೇ ವಿಳಾಸಕ್ಕೇ ಹೋಗುತ್ತದೆ, ಯಾರೂ ಉತ್ತರ ಕೊಡುವುದಿಲ್ಲ, ಹೆಸರು ಹೋಗುತ್ತದೆ. ಕೈಯಲ್ಲಿ ವೋಟರ್ ಐಡಿ ಇರುವುದರಿಂದ ಎಲ್ಲ ಸರಿಯಿದೆ ಅಂದುಕೊಂಡು ಮತಗಟ್ಟೆಗೆ ಹೋದವರಿಗೆ ಅಲ್ಲೇ ವಿಷಯ ಗೊತ್ತಾಗುವುದು. ಕಾರ್ಡಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟಿಲ್ಲ.

ಆದ್ದರಿಂದ ಕೈಪಿಡಿಯಲ್ಲಿ ಮೊದಲ ಕೆಲಸ ಹುಡುಕಾಟ. ಕಾರ್ಡಿನ ಎಪಿಕ್ ಸಂಖ್ಯೆ ಹಾಕಿ ಮತದಾರರ ಪೋರ್ಟಲ್‌ನಲ್ಲಿ ನೋಡಿ, ಅಥವಾ 1950ಕ್ಕೆ ಕರೆ ಮಾಡಿ. ಸಿಕ್ಕರೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದುಕೊಳ್ಳಿ. ಹೆಸರಿದ್ದು ಮನೆ ಮಾತ್ರ ಬದಲಾಗಿದ್ದರೆ ಫಾರ್ಮ್ 8. ಹೆಸರು ಅಳಿಸಿದ್ದರೆ ಹೊಸದಾಗಿ ಸೇರಿಸುವ ಫಾರ್ಮ್ 6. ಇಲ್ಲೇ ಬಹಳ ಜನ ಎಡವುವುದು: ಹಳೇ ಊರಿನ ಪಟ್ಟಿಯಲ್ಲಿ ಹೆಸರಿರುವಾಗಲೇ ಫಾರ್ಮ್ 6 ಹಾಕಿದರೆ ಎರಡು ಕಡೆ ನೋಂದಣಿಯಾಗುತ್ತದೆ, ಅದು ಅಪರಾಧ. ಶಿಕ್ಷೆಯ ಬಗ್ಗೆ ಕೇಳುವ ಕಾಲಂ ಫಾರ್ಮ್ 6ರಲ್ಲಿ ಇಲ್ಲ. ಜೈಲಿನ ಬಿಡುಗಡೆ ಪತ್ರವನ್ನು ಲಗತ್ತಿಸಬೇಕಿಲ್ಲ.

ವಿಳಾಸಕ್ಕೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಕರೆಂಟ್ ಬಿಲ್ ನಡೆಯುತ್ತವೆ. ಆಧಾರ್‌ನಲ್ಲಿ ಹಳೇ ವಿಳಾಸವೇ ಇದ್ದರೆ ಅದನ್ನು ಕೊಡಬೇಡಿ. ಒಟಿಪಿ ಬರುವ ನಂಬರು ಈಗ ಯಾರ ಕೈಯಲ್ಲಿದೆ ನೋಡಿಕೊಳ್ಳಿ. ಹಳೇ ಸಿಮ್ ಬಂದ್ ಆಗಿದ್ದರೆ ಬಿಎಲ್‌ಒ ಕೈಗೇ ಅರ್ಜಿ ಕೊಟ್ಟು ಸ್ವೀಕೃತಿ ಚೀಟಿ ಪಡೆಯುವುದು ಮೇಲು. ಅರ್ಜಿ ತಿರಸ್ಕಾರವಾದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಪಟ್ಟಿಗೆ ಯಾರನ್ನೂ ಸೇರಿಸುವುದಿಲ್ಲ, ಅದಕ್ಕೇ ಚುನಾವಣೆ ಘೋಷಣೆಗೆ ಕಾಯದೆ ಈಗಲೇ ಹಾಕಿಸಿ.

ಇನ್ನು ಬಾಕಿ ಇರುವುದು ಗೂಂಡಾ ಕಾಯ್ದೆಯಂಥ ಮುಂಜಾಗ್ರತಾ ಬಂಧನದಲ್ಲಿರುವವರ ಭಾಗ. 62(5)ನೇ ಕಲಂನ ತಡೆ ಇವರಿಗಿಲ್ಲ, ಅಂಚೆ ಮತದ ಹಕ್ಕಿದೆ. ಅವರ ಹೆಸರು, ಪಟ್ಟಿಯ ವಿವರ, ಇರಿಸಿರುವ ಜಾಗವನ್ನು ಚುನಾವಣೆ ಕರೆದ 15 ದಿನದೊಳಗೆ ಸರ್ಕಾರ ಚುನಾವಣಾಧಿಕಾರಿಗೆ ತಿಳಿಸಬೇಕು. ಮನೆಯವರೂ ಎಪಿಕ್ ಸಂಖ್ಯೆ, ಭಾಗ ಸಂಖ್ಯೆ ಬರೆದು ಅದೇ ಅಧಿಕಾರಿಗೆ ಕೊಡುವಂಥ ಅರ್ಜಿಯ ನಮೂನೆಯನ್ನು ಮುಂದಿನ ಕರಡಿಗೆ ಸೇರಿಸುತ್ತೇವೆ.