ಮರಗೆಲಸದ ಅಳತೆ ಸಾಮಾನು: ಮೊದಲು ಮೂಲೆಮಟ್ಟ ನೋಡಿ, ಆಮೇಲೆ ಟೇಪು

ಮರಗೆಲಸ ಕಲಿಯೋಕೆ ಶುರು ಮಾಡಿದವರು ಮೊದಲು ಕೇಳೋದು ಯಾವ ಟೇಪು ತಗೊಳ್ಳಲಿ ಅಂತ. ಟೇಪು ಓದೋಕೆ ಸುಲಭ ಇದ್ದರೆ ಸಾಕು, ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಮೂಲೆಮಟ್ಟದ ಬಗ್ಗೆ, ಅಂದರೆ ಮೂಲೆ 90 ಡಿಗ್ರಿ ಇದೆಯಾ ಅಂತ ನೋಡೋಕೆ ದಪ್ಪ ಹಿಡಿಗೆ ತೆಳು ಪಟ್ಟಿ ಕೂರಿಸಿರುವ ಸಾಮಾನಿನ ಬಗ್ಗೆ.

ಯಾಕೆ ಅಂದರೆ, ಮೇಜಿನ ನಾಲ್ಕೂ ಕಾಲು ಒಂದೊಂದು ಮಿಲಿಮೀಟರ್ ಗಿಡ್ಡ ಆದರೆ ಯಾರಿಗೂ ಗೊತ್ತಾಗಲ್ಲ. ನಾಲ್ಕೂ ಒಂದೇ ಸಮ ಇದ್ದರೆ ಮುಗೀತು. ಆದರೆ ಮೂಲೆ ಅರ್ಧ ಡಿಗ್ರಿ ಓರೆ ಹೋದರೆ, 600 ಮಿಲಿಮೀಟರ್ ಅಗಲದ ಹಲಗೆಯ ಆ ತುದಿಗೆ ಹೋಗುವಷ್ಟರಲ್ಲಿ 5 ಮಿಲಿಮೀಟರ್ ವ್ಯತ್ಯಾಸ ಬಂದಿರುತ್ತೆ. ಜೋಡಣೆಯಲ್ಲಿ ಸಂದು ಬಿಡುತ್ತೆ, ಬಾಗಿಲು ಕೂರಲ್ಲ, ಡ್ರಾಯರ್ ಸಿಕ್ಕಿಕೊಳ್ಳುತ್ತೆ. ಉದ್ದದಲ್ಲಿ ಆದ ತಪ್ಪು ಇದ್ದಲ್ಲೇ ಇರುತ್ತೆ, ಮೂಲೆಯಲ್ಲಿ ಆದ ತಪ್ಪು ಮುಂದಿನ ಪ್ರತಿ ತುಂಡಿಗೂ ಹರಡುತ್ತೆ.

ಮೂಲೆಮಟ್ಟ ಸರಿ ಇದೆಯಾ ಅಂತ ನೋಡೋಕೆ ಇನ್ನೊಂದು ಮೂಲೆಮಟ್ಟ ಬೇಕಾಗಿಲ್ಲ. ಅಂಚು ನೇರವಾಗಿರುವ ಒಂದು ಹಲಗೆ ತಗೊಳ್ಳಿ. ಹಿಡಿಯನ್ನು ಅಂಚಿಗೆ ಗಟ್ಟಿಯಾಗಿ ಒತ್ತಿ, ಪಟ್ಟಿಯ ಪಕ್ಕದಲ್ಲಿ ಚಾಕುವಿನಿಂದ ತೆಳುವಾಗಿ ಒಂದು ಗೆರೆ ಎಳೆಯಿರಿ. ಈಗ ಮೂಲೆಮಟ್ಟವನ್ನು ಮಗುಚಿ, ಎಡಕ್ಕಿದ್ದ ಹಿಡಿ ಬಲಕ್ಕೆ ಬರಲಿ, ಅಂಚಿನ ಹತ್ತಿರ ಅದೇ ಬಿಂದುವಿನಿಂದಲೇ ಇನ್ನೊಂದು ಗೆರೆ ಎಳೆಯಿರಿ. ಎರಡೂ ಗೆರೆ ಒಂದರ ಮೇಲೊಂದು ಬಿದ್ದರೆ ಸಾಮಾನು ಒಳ್ಳೆಯದು. ಮೇಲೆ ಹೋಗ್ತಾ ಹೋಗ್ತಾ ಬೇರೆಯಾದರೆ, ಅಲ್ಲಿ ಕಾಣುವುದು ನಿಜವಾದ ತಪ್ಪಿನ ಎರಡರಷ್ಟು. ಅಂದರೆ 200 ಮಿಲಿಮೀಟರ್ ಮೇಲೆ ಗೆರೆಗಳ ನಡುವೆ 1 ಮಿಲಿಮೀಟರ್ ಸಂದಿದ್ದರೆ ಮೂಲೆಮಟ್ಟ ಅರ್ಧ ಮಿಲಿಮೀಟರ್ ಓರೆ ಇದೆ ಅಂತ ಅರ್ಥ. ಈ ಪರೀಕ್ಷೆಯ ಚಂದ ಇರೋದೇ ಇಲ್ಲಿ, ತಪ್ಪನ್ನು ಅದೇ ದೊಡ್ಡದು ಮಾಡಿ ತೋರಿಸುತ್ತೆ. ಹೊಸದಾಗಿ ತಂದಾಗ ಒಮ್ಮೆ ಮಾಡಿ, ಕೈಜಾರಿ ನೆಲಕ್ಕೆ ಬಿದ್ದಾಗಲೆಲ್ಲ ಮತ್ತೆ ಮಾಡಿ. ಹಲಗೆಯ ಅಂಚು ಡೊಂಕಿದ್ದರೆ ಮಾತ್ರ ಈ ಪರೀಕ್ಷೆಗೆ ಬೆಲೆಯಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ.

ಒಂದೇ ಒಂದು ಸಾಮಾನಿಗೆ ಮಾತ್ರ ಅವಕಾಶ ಅಂದರೆ ನಾನು ಕಾಂಬಿನೇಷನ್ ಸ್ಕ್ವೇರ್ ಅಂತೀನಿ. ಅಮೆರಿಕದ ಲೆರಾಯ್ ಸ್ಟಾರೆಟ್ ಇದಕ್ಕೆ 1879ರಲ್ಲಿ ಪೇಟೆಂಟ್ ಪಡೆದರು, ಇವತ್ತು ಸಿಗೋದು ಹೆಚ್ಚುಕಡಿಮೆ ಅದೇ ರೂಪದ್ದು. ಪಟ್ಟಿ ಜಾರುತ್ತೆ, ಎಲ್ಲಿ ಬೇಕೋ ಅಲ್ಲಿ ಬಿಗಿ ಮಾಡಬಹುದು. ಅದಕ್ಕೇ 90 ಮತ್ತು 45 ಡಿಗ್ರಿ ಜೊತೆಗೆ ಆಳ ಅಳೆಯೋಕೂ ಆಗುತ್ತೆ, ಪೆನ್ಸಿಲ್ ತುದಿಗೆ ಹಿಡಿದು ಅಂಚಿಗೆ ಸಮಾನಾಂತರ ಗೆರೆ ಎಳೆಯೋಕೂ ಆಗುತ್ತೆ. ತಗೊಳ್ಳುವಾಗ ಪಟ್ಟಿಯನ್ನು ಬೇರೆ ಬೇರೆ ಜಾಗದಲ್ಲಿ ಬಿಗಿ ಮಾಡಿ ನೋಡಿ. ಬಿಗಿ ಮಾಡಿದ ಮೇಲೂ ಅಲ್ಲಾಡಿದರೆ ಆ ಸಾಮಾನು ಬೇಡ, ಎಷ್ಟೇ ಹೊಳೆಯುತ್ತಿದ್ದರೂ ಬೇಡ. ದೊಡ್ಡದಕ್ಕಿಂತ 150 ಮಿಲಿಮೀಟರಿನ ಚಿಕ್ಕದೇ ಕೈಗೆ ಜಾಸ್ತಿ ಬರುತ್ತೆ, ನಾನು ಇಡೀ ದಿನ ಜೇಬಿನಲ್ಲಿ ಇಟ್ಟುಕೊಳ್ಳೋದು ಅದನ್ನೇ.

ಇನ್ನು ಟೇಪು. ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತೆ, ಅಲ್ವಾ? ಅದು ಸಡಿಲ ಆಗಿದ್ದಲ್ಲ, ಬೇಕಂತಲೇ ಹಾಗೆ ಮಾಡಿರುತ್ತಾರೆ. ಕೊಕ್ಕೆಯ ದಪ್ಪ ಎಷ್ಟೋ ಅಷ್ಟೇ ಅದು ಜರುಗಬೇಕು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಹೊರಗೆ ಬರುತ್ತೆ, ಪೆಟ್ಟಿಗೆಯ ಒಳಗೋಡೆಗೆ ಒತ್ತಿದಾಗ ಒಳಗೆ ಹೋಗುತ್ತೆ, ಎರಡೂ ಕಡೆ ಸೊನ್ನೆ ಸರಿಯಾದ ಜಾಗದಲ್ಲೇ ಇರುತ್ತೆ. ಸುಮ್ನೆ ಸುತ್ತಿಗೆ ತಗೊಂಡು ರಿವೆಟ್ ಬಡಿದು ಗಟ್ಟಿ ಮಾಡಿದರೆ ಟೇಪು ಹಾಳು. ಕೊಕ್ಕೆ ಬಗ್ಗಿದೆಯಾ ಅನ್ನೋ ಅನುಮಾನ ಬಂದರೆ ಒಂದು ಸ್ಟೀಲ್ ಸ್ಕೇಲನ್ನು ಸಿಕ್ಕಿಸಿ ಅಳೆಯಿರಿ, ಆಮೇಲೆ ಕೊಕ್ಕೆಯನ್ನೂ ಸ್ಕೇಲಿನ ತುದಿಯನ್ನೂ ಒಂದೇ ಗೋಡೆಗೆ ಒತ್ತಿ ನೋಡಿ, ಎರಡೂ ಸಲ ಅಂಕಿ ಒಂದೇ ಬರಬೇಕು.

ಕೆಲವು ಟೇಪುಗಳ ಮೇಲೆ ಶುರುವಿನಲ್ಲೇ ರೋಮನ್ ಅಂಕಿಯಲ್ಲಿ ದರ್ಜೆ ಬರೆದಿರುತ್ತೆ, ಯುರೋಪಿನ ನಿಯಮದ ಪ್ರಕಾರ. ಎರಡನೇ ದರ್ಜೆಯ ಟೇಪು 2 ಮೀಟರ್ ಉದ್ದಕ್ಕೆ 0.7 ಮಿಲಿಮೀಟರ್‌ವರೆಗೆ ಹೆಚ್ಚುಕಡಿಮೆ ಇರಬಹುದು, ಒಂದನೇ ದರ್ಜೆಯದಾದರೆ 0.3. ಇದರಿಂದ ತಿಳಿಯಬೇಕಾದದ್ದು ಇಷ್ಟು: ಎರಡು ಒಳ್ಳೆಯ ಟೇಪುಗಳು ಕೂಡ ಒಂದಕ್ಕೊಂದು ಹೊಂದದೇ ಇರಬಹುದು. ಹಾಗಾಗಿ ಒಂದು ಕೆಲಸಕ್ಕೆ ಕೊನೆವರೆಗೂ ಒಂದೇ ಟೇಪು. ಅಳೆಯೋರು ಇಬ್ಬರಿದ್ದರೂ ಅಷ್ಟೇ.

ಇಂಚು-ನೂಲಿನ ಲೆಕ್ಕ ಕೈಗೆ ಹತ್ತಿದವರು ಅದರಲ್ಲೇ ಮಾಡಲಿ, ತೊಂದರೆಯಿಲ್ಲ. ಹೊಸಬರು ಮಿಲಿಮೀಟರ್ ಹಿಡಿಯೋದು ವಾಸಿ, ಭಿನ್ನರಾಶಿ ಕೂಡಿಸಿ ಕಳೆಯುವ ಗೋಜೇ ಇರಲ್ಲ. ಅರ್ಧ ಕೆಲಸ ಇದರಲ್ಲಿ, ಅರ್ಧ ಅದರಲ್ಲಿ ಮಾತ್ರ ಮಾಡಬೇಡಿ. ಒಂದು ಇಂಚು ಅಂದರೆ 25.4 ಮಿಲಿಮೀಟರ್, ಪ್ರತಿ ಸಲ ಬದಲಾಯಿಸುವಾಗಲೂ ಒಂಚೂರು ಕಳೆದುಹೋಗುತ್ತೆ.

ಸ್ಟೀಲ್ ಸ್ಕೇಲು ಬಳಸುವಾಗ ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿದರೆ ಗೆರೆಗಳು ಮರದಿಂದ ಸ್ಕೇಲಿನ ದಪ್ಪದಷ್ಟು ಮೇಲಿರುತ್ತವೆ, ತಲೆ ಸ್ವಲ್ಪ ಆಚೀಚೆ ಆದರೂ ಗುರುತು ಬೇರೆ ಕಡೆ ಬೀಳುತ್ತೆ. ನಿಲ್ಲಿಸಿದರೆ ಗೆರೆಯೇ ಮರವನ್ನು ಮುಟ್ಟಿರುತ್ತೆ.

ಗುರುತು ಹಾಕೋದು ಯಾವುದರಿಂದ ಅನ್ನೋದು ಇನ್ನೂ ಮುಖ್ಯ. ಪೆನ್ಸಿಲ್ ಮೊನೆ ಚೂಪಿದ್ದಾಗ ಒಂದು ದಪ್ಪ, ನಾಲ್ಕು ಗೆರೆ ಎಳೆದ ಮೇಲೆ ಇನ್ನೊಂದು ದಪ್ಪ. ಗರಗಸ ಗೆರೆಯ ಒಳಗಾ, ಹೊರಗಾ, ಮೇಲಾ? ಚಾಕುವಿನ ಗೆರೆಗೆ ಈ ಗೊಂದಲ ಇಲ್ಲ. ಒಂದೇ ಕಡೆ ಇಳಿಜಾರು ಇರುವ ಚಾಕು ತಗೊಳ್ಳಿ, ಚಪ್ಪಟೆ ಮುಖ ಮೂಲೆಮಟ್ಟಕ್ಕೆ ಅಂಟಿಕೊಂಡಿರಲಿ. ಮೊದಲ ಎಳೆತ ತೀರಾ ಹಗುರ, ಎರಡನೆಯದು ಸ್ವಲ್ಪ ಒತ್ತಿ. ಆಮೇಲೆ ಬಿಸಾಡುವ ತುಂಡಿನ ಕಡೆಯಿಂದ ಉಳಿಯನ್ನು ಓರೆಯಾಗಿ ಹಿಡಿದು ಗೆರೆಯವರೆಗೆ ಒಂದು ಸಣ್ಣ ಚಕ್ಕೆ ಎಬ್ಬಿಸಿ. ಈಗ ಅಲ್ಲೊಂದು ಪುಟ್ಟ ಗೋಡೆ ಉಂಟಾಗಿರುತ್ತೆ. ಗರಗಸವನ್ನು ಅದಕ್ಕೆ ಒರಗಿಸಿದರೆ ಜಾರಲ್ಲ, ಮರದ ಎಳೆ ಮೊದಲೇ ತುಂಡಾಗಿರುವುದರಿಂದ ಅಂಚೂ ಸಿಬಿರೇಳಲ್ಲ. ಎಳೆಗೆ ಅಡ್ಡವಾಗಿ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. ಎಳೆಯ ಉದ್ದಕ್ಕೆ ಎಳೆದರೆ ಚಾಕು ಎಳೆಯ ಹಿಂದೆಯೇ ಹೊರಟುಬಿಡುತ್ತೆ, ಅಲ್ಲಿ ಮಾರ್ಕಿಂಗ್ ಗೇಜ್ ಬೇಕು, ಅಂದರೆ ಹಲಗೆಯ ಅಂಚಿಗೆ ಒರಗಿಸಿ ಜಾರಿಸುತ್ತಾ ಅಂಚಿಗೆ ಸಮಾನಾಂತರ ಗೆರೆ ಕೊರೆಯುವ ಸಾಮಾನು.

ಗೇಜನ್ನು ಸ್ಕೇಲು ನೋಡಿ ಇಡಬೇಕಾಗಿಲ್ಲ. ಒಂದು ಹಲಗೆಯ ದಪ್ಪಕ್ಕೆ ಸರಿಯಾಗಿ ಇನ್ನೊಂದರಲ್ಲಿ ಕಚ್ಚು ಮಾಡಬೇಕಿದ್ದರೆ ಗೇಜನ್ನು ನೇರ ಆ ಹಲಗೆಗೇ ಹಿಡಿದು ಬಿಗಿ ಮಾಡಿ. ಅಂಕಿಯನ್ನು ಓದೋದು, ನೆನಪಿಟ್ಟುಕೊಳ್ಳೋದು, ಮತ್ತೆ ಗುರುತು ಹಾಕೋದು, ಈ ಮೂರು ಕಡೆ ತಪ್ಪಾಗಬಹುದು. ಅಂಕಿಯೇ ಇಲ್ಲದಿದ್ದರೆ ಈ ಮೂರು ತಪ್ಪಿಗೂ ಜಾಗ ಇರಲ್ಲ. ಕಪಾಟಿಗೂ ಇದೇ ದಾರಿ. ಉದ್ದದ ಒಂದು ಪಟ್ಟಿ ತಗೊಂಡು ಅದರ ಮೇಲೆ ತಳ, ಪ್ರತಿ ಹಲಗೆಯ ದಪ್ಪ, ಬಾಗಿಲಿನ ಎತ್ತರ ಎಲ್ಲವನ್ನೂ ಒಮ್ಮೆ ಗುರುತು ಮಾಡಿ, ಎಡಪಕ್ಕಕ್ಕೂ ಬಲಪಕ್ಕಕ್ಕೂ ಅದೇ ಪಟ್ಟಿ ಹಿಡಿದು ಗುರುತು ಇಳಿಸಿದರೆ ಎರಡೂ ಕಡೆ ಬೇರೆ ಬೇರೆ ಆಗೋ ಸಾಧ್ಯತೆಯೇ ಕಡಿಮೆ. ಒಳ ಅಗಲ ಬೇಕಾದರೆ ಎರಡು ಕಡ್ಡಿಗಳನ್ನು ಒಟ್ಟಿಗೆ ಹಿಡಿದು ಎರಡೂ ಗೋಡೆ ಮುಟ್ಟುವವರೆಗೆ ಜಾರಿಸಿ, ಅಡ್ಡಲಾಗಿ ಒಂದು ಗುರುತು ಹಾಕಿ, ಹೊರಗೆ ತೆಗೆದು ಗುರುತು ಕೂಡಿಸಿದರೆ ಆಯಿತು.

ಎರಡು ದವಡೆಗಳ ನಡುವೆ ಹಿಡಿದು ದಪ್ಪ ಅಳೆಯುವ ಕ್ಯಾಲಿಪರ್ ಬೇಕಾ? 18 ಮಿಲಿಮೀಟರ್ ಅಂತ ಬರೆದಿರುವ ಪ್ಲೈವುಡ್ ಎಷ್ಟೋ ಸಲ ಅಷ್ಟು ದಪ್ಪ ಇರಲ್ಲ, ಅದು ಕೂರುವ ಗಾಡಿ (ಉದ್ದನೆಯ ಕಚ್ಚು) ತೆಗೆಯುವ ಮುಂಚೆ ದಪ್ಪ ನೋಡೋಕೆ ಬೇಕು. ಡ್ರಿಲ್ ಬಿಟ್ ಅಳೆಯೋಕೂ ಬರುತ್ತೆ. ಆದರೆ ಗಟ್ಟಿಮರದ ಅಗಲವನ್ನು ಮಿಲಿಮೀಟರಿನ ನೂರನೇ ಭಾಗದವರೆಗೆ ಅಳೆದು ಏನೂ ಸಿಗಲ್ಲ. ಒಂದಡಿ ಅಗಲದ ಹಲಗೆ ತೇವದ ಕಾಲಕ್ಕೂ ಒಣ ಕಾಲಕ್ಕೂ ಎಳೆಗೆ ಅಡ್ಡವಾಗಿ ಒಂದೆರಡು ಮಿಲಿಮೀಟರ್ ಹಿಗ್ಗಿ ಕುಗ್ಗೋದು ಮಾಮೂಲಿ, ಉದ್ದಕ್ಕೆ ಮಾತ್ರ ಹೆಚ್ಚೇನೂ ಆಗಲ್ಲ. ಚೌಕಟ್ಟಿನೊಳಗೆ ಕೂರುವ ಹಲಗೆಗೆ ಆ ಜಾಗ ಬಿಟ್ಟೇ ಅಳತೆ ಹಾಕಬೇಕು.

ಕೊನೆಯ ಅಳತೆ ಅಂಟು ಹಸಿಯಿರುವಾಗಲೇ ಮಾಡಬೇಕು. ಚೌಕಟ್ಟಿಗೆ ಕ್ಲಾಂಪ್ ಹಾಕಿದ ಕೂಡಲೇ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಒಂದು 3 ಮಿಲಿಮೀಟರ್ ಉದ್ದ ಬಂತು ಅಂದುಕೊಳ್ಳಿ. ಆ ಉದ್ದದ ಕರ್ಣದ ದಿಕ್ಕಿಗೇ ಕ್ಲಾಂಪನ್ನು ಸ್ವಲ್ಪ ಓರೆ ಮಾಡಿ, ಅದು ಒಂದೂವರೆ ಮಿಲಿಮೀಟರ್ ಕಡಿಮೆಯಾಗುವವರೆಗೆ ಬಿಗಿ ಮಾಡಿ, ಆಗ ಇನ್ನೊಂದು ಅಷ್ಟೇ ಉದ್ದವಾಗಿ ಎರಡೂ ಸಮ ಬರುತ್ತವೆ. ಅಂಟು ಹಿಡಿದುಕೊಳ್ಳೋಕೆ ಮುಂಚೆ ಇನ್ನೊಮ್ಮೆ ಅಳೆದು, ಹಾಗೇ ಬಿಟ್ಟುಬಿಡಿ.